ಐದು ಡಬ್ಬಿ, ಐದರಲ್ಲೂ ಬಿಳಿ ಪುಡಿ

ಮನೆ ಬದಲಿಸುವಾಗ ಹಳೇ ಪೆಟ್ಟಿಗೆಯೊಂದರಲ್ಲಿ ಐದು ಗಾಜಿನ ಡಬ್ಬಿ ಸಿಕ್ಕವು. ಗೋಂದು ಒಣಗಿ ಚೀಟಿಗಳೆಲ್ಲ ಉದುರಿಹೋಗಿದ್ದವು. ಐದರಲ್ಲೂ ಬಿಳಿ ಪುಡಿ. ಸುಮ್ನೆ ಸಿಂಕಿಗೆ ಸುರಿಯಲು ಮನಸ್ಸಾಗಲಿಲ್ಲ. ಏನೆಂದೇ ಗೊತ್ತಿಲ್ಲದ್ದನ್ನು ನೀರಿಗೆ ಹಾಕುವುದು ಹೇಗೆ?

ರುಚಿ ನೋಡುವ ಮಾತೇ ಇಲ್ಲ. ಕಿಟಕಿ ತೆರೆದೆ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡೆ. ಮುಚ್ಚಳ ತೆಗೆದು ದೂರದಿಂದಲೇ ಕೈಯಲ್ಲಿ ಗಾಳಿ ಬೀಸಿಕೊಂಡು ವಾಸನೆ ನೋಡಿದೆ. ಬ್ಲೀಚಿಂಗ್ ಪೌಡರಿನ ಘಾಟು ಬಂದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಅದಕ್ಕೆ ವಿನೆಗರ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಪುಣ್ಯಕ್ಕೆ ಯಾವುದಕ್ಕೂ ಆ ಘಾಟಿರಲಿಲ್ಲ.

ಆಮೇಲೆ ಮಾಡಿದ್ದೇ ಇಡೀ ಕೆಲಸದ ಜೀವಾಳ. ಡಬ್ಬಿಗಳ ಪುಡಿಯನ್ನು ಮುಟ್ಟುವ ಮೊದಲು ಗೊತ್ತಿರುವ ಪುಡಿಗಳ ಮೇಲೆ ಪರೀಕ್ಷೆ ಮಾಡಿದೆ. ಉಪ್ಪು, ಸಕ್ಕರೆ, ಅಡುಗೆ ಸೋಡಾ, ಬೇಕಿಂಗ್ ಪೌಡರ್, ವಾಷಿಂಗ್ ಸೋಡಾ, ಕಾರ್ನ್ ಫ್ಲೋರ್, ಪ್ಲಾಸ್ಟರ್ ಆಫ್ ಪ್ಯಾರಿಸ್. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಒಂದೊಂದರಿಂದ ನಾಲ್ಕು ಚಿಟಿಕೆ ಇಟ್ಟು, ನೀರು, ವಿನೆಗರ್, ಅಯೋಡಿನ್, ಅರಿಶಿನದ ನೀರು ಒಂದೊಂದು ಹನಿ ಬಿಟ್ಟೆ. ಕಂಡದ್ದನ್ನೆಲ್ಲ ಬರೆದಿಟ್ಟುಕೊಂಡೆ. ಏನೂ ಆಗದಿದ್ದರೆ ಅದನ್ನೂ ಬರೆದೆ. 'ಏನೂ ಆಗಲಿಲ್ಲ' ಅನ್ನುವುದೂ ಒಂದು ಉತ್ತರವೇ ಅಲ್ವಾ?

ಮೊದಲ ಡಬ್ಬಿ ಸುಲಭವಾಗಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಪುಟ್ಟ ಪುಟ್ಟ ಘನಾಕಾರದ ಹರಳುಗಳು. ನೀರಿನಲ್ಲಿ ಕರಗಿತು, ಬೇರೆ ಯಾವ ಹನಿಗೂ ಮಿಸುಕಲಿಲ್ಲ. ಉಪ್ಪು. ಎರಡನೆಯದು ಬೆರಳ ನಡುವೆ ಕಿರ್ರೆಂದಿತು, ಅಯೋಡಿನ್ ಬಿದ್ದ ಕೂಡಲೇ ಕಡುನೀಲಿಗೆ ತಿರುಗಿ ಕಪ್ಪಾಯಿತು. ಪಿಷ್ಟದ ಅಣುಗಳ ಸುರುಳಿಯೊಳಗೆ ಅಯೋಡಿನ್ ಸೇರಿಕೊಂಡಾಗ ಬರುವ ಬಣ್ಣವದು. ಕಾರ್ನ್ ಫ್ಲೋರ್ ಇರಬೇಕು, ಪಿಷ್ಟವಂತೂ ಖಂಡಿತ.

ಮೂರನೆಯದರಲ್ಲಿ ಎಡವಿದೆ. ವಿನೆಗರ್ ಬಿಟ್ಟ ತಕ್ಷಣ ಬುಸ್ಸನೆ ನೊರೆ ಬಂತು. ಖುಷಿಯಲ್ಲಿ 'ಅಡುಗೆ ಸೋಡಾ' ಎಂದು ಬರೆದೇಬಿಟ್ಟೆ. ರಾತ್ರಿ ಪಟ್ಟಿ ನೋಡುವಾಗ ಉಳಿದ ಮೂರು ಹನಿಗಳ ಜಾಗ ಖಾಲಿ ಕಂಡಿತು. ಎದ್ದು ಹೋಗಿ ಬರೀ ನೀರು ಬಿಟ್ಟೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹನಿಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಒಂದೊಂದಾಗಿ ಏಳತೊಡಗಿದವು. ಅಡುಗೆ ಸೋಡಾ ಬರೀ ನೀರಿಗೆ ಹಾಗೆ ಮಾಡುವುದಿಲ್ಲ. ಅಯೋಡಿನ್ ಬಿಟ್ಟರೆ ಅಲ್ಲಲ್ಲಿ ಕಪ್ಪು ಚುಕ್ಕೆಗಳು. ಸೋಡಾ, ಅದರ ಜೊತೆಗೆ ಪುಡಿ ರೂಪದ ಆಮ್ಲ, ಎರಡನ್ನೂ ಒಣಗಿಸಿಡಲು ಪಿಷ್ಟ. ಅದು ಬೇಕಿಂಗ್ ಪೌಡರ್.

ನಾಲ್ಕನೆಯದಕ್ಕೂ ವಿನೆಗರ್‌ಗೆ ನೊರೆ ಬಂತು. ಈ ಸಲ ಅವಸರ ಮಾಡಲಿಲ್ಲ. ನೀರಿಗೆ ಗುಳ್ಳೆ ಇಲ್ಲ, ಅಯೋಡಿನ್‌ಗೆ ಕಪ್ಪಾಗಲಿಲ್ಲ. ಹಾಗಾದರೆ ಅಡುಗೆ ಸೋಡಾನೋ, ವಾಷಿಂಗ್ ಸೋಡಾನೋ? ಇಲ್ಲಿ ಅರಿಶಿನ ಕೈಹಿಡಿಯಿತು. ಗೊತ್ತಿದ್ದ ಎರಡನ್ನೂ ಪಕ್ಕದಲ್ಲೇ ಇಟ್ಟುಕೊಂಡೆ. ಅಡುಗೆ ಸೋಡಾದ ಕ್ಷಾರ ಸೌಮ್ಯ, ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಹೆಚ್ಚಾದಷ್ಟೂ ಕ್ಷಾರ ಜಾಸ್ತಿ) ಸುಮಾರು 8. ಅರಿಶಿನದ ಹಳದಿ ಅಷ್ಟೇನೂ ಬದಲಾಗಲಿಲ್ಲ. ವಾಷಿಂಗ್ ಸೋಡಾದ್ದು ಸುಮಾರು 11, ಅಲ್ಲಿ ಹನಿ ಒಮ್ಮೆಲೇ ಕೆಂಪಾಯಿತು. ನನ್ನ ಡಬ್ಬಿಯ ಹನಿಯೂ ಅಷ್ಟೇ ಕೆಂಪು. ಪಕ್ಕದಲ್ಲಿ ಹೋಲಿಸಲು ಅವಿರದಿದ್ದರೆ ಆ ಕೆಂಪು ಜಾಸ್ತಿಯೋ ಕಡಿಮೆಯೋ ಹೇಳಲು ನನಗೆ ಸಾಧ್ಯವಿರಲಿಲ್ಲ.

ಐದನೆಯದು ನೀರಿಗೂ ಕರಗಲಿಲ್ಲ, ಯಾವ ಹನಿಗೂ ಬಗ್ಗಲಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಇರಬಹುದೆಂದು ನೀರು ಸೇರಿಸಿ ಕಲಸಿಟ್ಟೆ. ಗೊತ್ತಿದ್ದ ಪ್ಲಾಸ್ಟರ್ ಬಿಸಿಯಾಗಿ ಕಲ್ಲಿನಂತೆ ಗಟ್ಟಿಯಾಯಿತು. ಇದು ಕೆಸರಾಗಿಯೇ ಉಳಿಯಿತು. ಆ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಗಾಳಿಯ ತೇವ ಹೀರಿದ ಪ್ಲಾಸ್ಟರ್ ಕೂಡ ಹೀಗೆ ಗಟ್ಟಿಯಾಗದೆ ಉಳಿಯಬಲ್ಲದು. ಊಹಿಸಿ ಹೆಸರಿಡಲು ಮನಸ್ಸಾಗಲಿಲ್ಲ.

ಈ ಪರೀಕ್ಷೆಗಳು ಪುಡಿಯ ಗುಣ ಹೇಳುತ್ತವೆ, ಅದರಲ್ಲಿ ಬೇರೇನೂ ಬೆರೆತಿಲ್ಲ ಎಂದು ಹೇಳುವುದಿಲ್ಲ. ಹಾಗಾಗಿ ಉಪ್ಪು, ಹಿಟ್ಟನ್ನೂ ಅಡುಗೆಗೆ ಬಳಸದೆ ಎಸೆದೆ. ವಾಷಿಂಗ್ ಸೋಡಾ ನೆಲ ಒರೆಸಲು ಬಂತು. ಐದನೇ ಡಬ್ಬಿಯ ಮುಚ್ಚಳ ಬಿಗಿ ಮಾಡಿ, 'ಗೊತ್ತಿಲ್ಲ' ಎಂದು ಹೊಸ ಚೀಟಿ ಅಂಟಿಸಿ, ಅಪಾಯಕಾರಿ ಕಸ ತೆಗೆದುಕೊಳ್ಳುವವರ ಕೈಗೆ ಕೊಟ್ಟೆ.