ಮುರುಗಲು ಚಾ ಸೋಡಾ: ಗುಳ್ಳೆಯೂ ಉಳಿಯಬೇಕು, ತಿಳಿಯೂ ಇರಬೇಕು

ದೀಪಾವಳಿಗೆ ಶಿರಸಿ, ಸಿದ್ದಾಪುರದ ಕಡೆ, ಕ್ರಿಸ್‌ಮಸ್ ರಜೆಗೆ ಕಾರವಾರದ ಕಡೆ ಹೊರಗಿನ ಊರಿನಿಂದ ಮಕ್ಕಳು ಮೊಮ್ಮಕ್ಕಳು ಬಂದರೆ ಬೆಳಗಿನ ತಿಂಡಿ ಹತ್ತೂವರೆಗೆ ಜಾರುತ್ತದೆ, ಅದೇ ಅರ್ಧ ಊಟವೂ ಆಗುತ್ತದೆ. ಆ ಹೊತ್ತಿಗೆ ಹಾಲಿನ ಚಾ ಹೊಟ್ಟೆಗೆ ಭಾರ, ಬರೀ ಪಾನಕ ಸಪ್ಪೆ. ಚಾದ ಒಗರು, ಮುರುಗಲಿನ (ಕೋಕಂ ಹಣ್ಣಿನ) ಹುಳಿ, ಸೋಡಾದ ಚುರುಕು ಮೂರೂ ಸೇರಿದ ತಣ್ಣನೆಯ ಆಸರಿ ಆಗ ತುಂಬ ಚೆನ್ನಾಗಿ ಒಗ್ಗುತ್ತದೆ. ಮಾಡುವುದು ಕಷ್ಟವಲ್ಲ, ಆದರೆ ಕೆಡುವುದು ಬಹಳ ಸುಲಭ. ಕೆಟ್ಟರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಸೋಡಾದ್ದಲ್ಲ, ಚಾದ್ದು. ಹಾಲಿನ ಚಾ ಮಾಡಿ ಪಳಗಿದ ಕೈ ಇಲ್ಲಿಯೂ ಪುಡಿ ಹಾಕಿ ಕುದಿಸುತ್ತದೆ. ಹಾಲಿದ್ದರೆ ಅದರ ಪ್ರೋಟೀನು ಚಾದ ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲಿಲ್ಲದ ಕಡೆ ಅಷ್ಟೂ ಒಗರು ನೇರ ನಾಲಿಗೆಗೆ ಬರುತ್ತದೆ, ಮುರುಗಲಿನ ಹುಳಿ ಸೇರಿದ ಮೇಲಂತೂ ಬಾಯಿ ಕಟ್ಟಿದ ಹಾಗಾಗುತ್ತದೆ.

ಹಾಗಾಗಿ ಮೊದಲು ಚಾ ಸೊಪ್ಪು. ದಿನಬಳಕೆಯ ಕಾಳುಕಾಳಾದ ಪುಡಿ ಇದಕ್ಕೆ ಬೇಡ. ಅದು ಬೇಗ ಬಣ್ಣ, ಗಡಸು ಎರಡನ್ನೂ ಬಿಡಲೆಂದೇ ತಯಾರಾದದ್ದು. ಸುರುಳಿಸುರುಳಿಯಾಗಿ ಉದ್ದಕ್ಕಿರುವ ಎಲೆ ಚಾ ತನ್ನಿ. ನೀಲಗಿರಿಯದಾದರೆ ಇನ್ನೂ ಒಳ್ಳೆಯದು, ತಣ್ಣಗಾದ ಮೇಲೂ ಅದು ತಿಳಿಯಾಗಿ ಉಳಿಯುತ್ತದೆ. ಎಂಟು ಲೋಟಕ್ಕೆ 600 ಮಿ.ಲೀ. ನೀರು, 15 ಗ್ರಾಂ ಎಲೆ ಸಾಕು. ಎಲೆ ಹಗುರ, ಚಮಚದ ಅಳತೆ ಮೋಸ ಮಾಡುತ್ತದೆ, ಆದ್ದರಿಂದ ತಕ್ಕಡಿಯಲ್ಲಿ ತೂಗುವುದೇ ಸರಿ. ನೀರು ಮರಳಿದ ಮೇಲೆ ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು ಎಲೆ ಹಾಕಿ, ಮುಚ್ಚಿಡಿ. ನಾಲ್ಕು ನಿಮಿಷಕ್ಕೆ ಸೋಸಿಬಿಡಿ. ಐದಾದರೆ ಅಡ್ಡಿಲ್ಲ, ಹತ್ತಾದರೆ ಹಿಂದೆ ಬರುವ ದಾರಿಯಿಲ್ಲ. ಸೋಸುವಾಗ ಎಲೆಯನ್ನು ಸೌಟಿನಿಂದ ಒತ್ತಿ ಹಿಂಡಬೇಡಿ, ಕಡೆಗೆ ಬರುವ ಆ ನಾಲ್ಕು ಚಮಚದಲ್ಲಿ ಕಹಿಯೇ ಹೆಚ್ಚು. ಎಲೆಯೇ ಸುಮಾರು 60–70 ಮಿ.ಲೀ. ಕುಡಿದುಕೊಳ್ಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದೇ 600 ಎಂದದ್ದು. ಚಾ ಇಷ್ಟು ಗಟ್ಟಿ ಯಾಕೆ ಎಂದು ಅನ್ನಿಸಬಹುದು. ಮುಂದೆ ಪಾಕ, ಸೋಡಾ, ಐಸ್ ಎಲ್ಲ ಸೇರಿ ಇದು ಮೂರು ಪಾಲು ತೆಳ್ಳಗಾಗುತ್ತದೆ.

ನೀರಿನ ಮಾತೂ ಇದೆ. ಘಟ್ಟದ ಮೇಲಿನ ಬಾವಿ ನೀರು ಸಾಧಾರಣವಾಗಿ ಮೆದು, ಅದರಲ್ಲಿ ಚಾ ಚೆನ್ನಾಗಿ ಬಿಡುತ್ತದೆ. ಸಮುದ್ರದ ಹತ್ತಿರದ ಕೆಲವು ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪಿನ ಸೆಲೆ ಇರುತ್ತದೆ, ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಇರುತ್ತದೆ. ಗಡಸು ನೀರಿನ ಚಾದ ಮೇಲೆ ಎಣ್ಣೆಪಸೆಯಂಥ ತೆಳು ಕೆನೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ. ಅಂಥಲ್ಲಿ ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ.

ಸೋಸಿದ ಬಿಸಿ ಚಾವನ್ನು ಹಾಗೇ ಫ್ರಿಜ್ಜಿಗೆ ನೂಕಿದರೆ ಅರ್ಧ ಗಂಟೆಯಲ್ಲಿ ಅದು ಕಲಕಿದ ಕೆರೆಯ ನೀರಾಗುತ್ತದೆ. ಕೆಟ್ಟಿತೆಂದು ಚೆಲ್ಲಬೇಡಿ. ಚಾದಲ್ಲಿರುವ ಕೆಫೀನು ಮತ್ತು ಒಗರಿನ ಅಂಶಗಳು ತಂಪಿನಲ್ಲಿ ಒಂದಕ್ಕೊಂದು ಅಂಟಿ ಕಣವಾಗುತ್ತವೆ, ಅದೇ ಆ ಕಲಕು. ರುಚಿಗೆ ದೊಡ್ಡ ತೊಂದರೆಯಿಲ್ಲ, ನೋಟಕ್ಕೆ ಮಾತ್ರ. ಎರಡು ಮೂರು ಚಮಚ ಕುದಿನೀರು ಸೇರಿಸಿ ಕಲಕಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಮೊದಲೇ ತಪ್ಪಿಸಬೇಕೆಂದರೆ ಮುಕ್ಕಾಲು ಗಂಟೆ ಅಡುಗೆಮನೆಯ ಕಟ್ಟೆಯ ಮೇಲೆ ಆರಲು ಬಿಟ್ಟು ಆಮೇಲೆ ಫ್ರಿಜ್ಜಿನಲ್ಲಿಡಿ. ಅವಸರವಿಲ್ಲದವರಿಗೆ ಇನ್ನೂ ಒಳ್ಳೆಯ ದಾರಿಯೆಂದರೆ ಹಿಂದಿನ ರಾತ್ರಿಯೇ ತಣ್ಣೀರಿನಲ್ಲಿ ಎಲೆ ನೆನೆಸುವುದು. ಅದೇ 600 ಮಿ.ಲೀ.ಗೆ 18 ಗ್ರಾಂ ಎಲೆ, ಮುಚ್ಚಿದ ಗಾಜಿನ ಬಾಟಲಿ, ಫ್ರಿಜ್ಜಿನಲ್ಲಿ ಎಂಟರಿಂದ ಹತ್ತು ಗಂಟೆ. ತಣ್ಣೀರಿಗೆ ಒಗರು ಕಡಿಮೆ ಬಿಡುತ್ತದೆ, ಕಲಕಂತೂ ಇರುವುದೇ ಇಲ್ಲ ಎನ್ನಬಹುದು. ಹೇಗೆ ಮಾಡಿದರೂ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ.

ಇನ್ನು ಮುರುಗಲು. ಕರಾವಳಿಯಲ್ಲಿ ಕೊಂಕಣಿ ಮಾತಾಡುವವರು ಬಿರಿಂಡಾ ಎನ್ನುವುದು ಇದನ್ನೇ. ಹಣ್ಣು ಸಿಗುವುದು ಬೇಸಿಗೆಯಲ್ಲಿ, ರಜೆಗೆ ಒಣಸಿಪ್ಪೆಯೇ ಗತಿ. ಅಂಗಡಿಯದಾದರೆ ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿ. ಮೀನಿನ ಸಾರಿಗೆಂದು ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯೇ ಮಾರಾಟಕ್ಕೆ ಹೆಚ್ಚು ಬರುತ್ತದೆ, ಅದು ಪಾನಕಕ್ಕೆ ಹೋದರೆ ಸಮುದ್ರದ ನೀರು ಕುಡಿಸಿದಂತೆ. ಉಪ್ಪಿಲ್ಲದ್ದು ಸಿಗದಿದ್ದರೆ ಎರಡು ಸಲ ತಣ್ಣೀರಿನಲ್ಲಿ ಗಲಬರಿಸಿ ಚೆಲ್ಲಿ, ಬೇರೆ ಉಪ್ಪು ಹಾಕಲೇಬೇಡಿ. 40 ಗ್ರಾಂ ಸಿಪ್ಪೆಯನ್ನು 300 ಮಿ.ಲೀ. ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಗಂಟೆ ನೆನೆಸಿ, ಕೈಯಲ್ಲಿ ಚೆನ್ನಾಗಿ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಇದಕ್ಕೆ 300 ಗ್ರಾಂ ಸಕ್ಕರೆ, ಜಜ್ಜಿದ ಎರಡು ಏಲಕ್ಕಿ, ಸಿಪ್ಪೆ ಉಪ್ಪಿಲ್ಲದ್ದಾದರೆ ಕಾಲು ಚಮಚ ಉಪ್ಪು ಹಾಕಿ ಸಣ್ಣ ಉರಿಯಲ್ಲಿಡಿ. ಸಕ್ಕರೆ ಕರಗಿ ಒಂದು ಕುದಿ ಬಂದ ಮೇಲೆ ಐದು ನಿಮಿಷ ಸಾಕು. ಎಳೆ ಪಾಕ ಬರಿಸಬಾರದು, ಗಟ್ಟಿ ಪಾಕ ತಣ್ಣನೆಯ ಚಾದಲ್ಲಿ ಬೆರೆಯದೆ ಲೋಟದ ತಳದಲ್ಲಿ ಕೂತುಬಿಡುತ್ತದೆ. ಪಾತ್ರೆ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ, ಕಲಾಯಿ ಹೋದ ತಾಮ್ರ ಎರಡೂ ಈ ಹುಳಿಗೆ ಆಗದು. ಜೋನಿ ಬೆಲ್ಲ ಹಾಕುವ ಆಸೆ ನಮ್ಮ ಕಡೆ ಎಲ್ಲರಿಗೂ ಬರುತ್ತದೆ. ರುಚಿ ಒಳ್ಳೆಯದೇ, ಆದರೆ ಮುರುಗಲಿನ ಆ ಮಾಣಿಕ್ಯದ ಕೆಂಪು ಕೆಸರಾಗಿ ಹೋಗುತ್ತದೆ. ಸೋಡಾ ಹಾಕುವ ಪಾನಕಕ್ಕೆ ಸಕ್ಕರೆಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ಸುಮಾರು 400 ಮಿ.ಲೀ. ಪಾಕ ಸಿಗುತ್ತದೆ.

ಶುಂಠಿ ಬೇಕೆಂದವರು ಹಸಿ ಶುಂಠಿ ತುರಿದು ಹಿಂಡಿ, ರಸವನ್ನು ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ತಳದಲ್ಲಿ ಬಿಳಿ ಹಿಟ್ಟು ಇಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು ಎಂಟು ಲೋಟಕ್ಕೆ ಎರಡು ಚಮಚದಂತೆ ತಣ್ಣಗಾದ ಪಾಕಕ್ಕೆ ಸೇರಿಸಿ.

ಜೋಡಿಸುವ ಕೆಲಸ ಬಡಿಸುವ ಗಳಿಗೆಯಲ್ಲೇ ಆಗಬೇಕು. ಚಾ, ಪಾಕ, ಸೋಡಾ ಮೂರೂ ಫ್ರಿಜ್ಜಿನಲ್ಲಿ ಕನಿಷ್ಠ ನಾಲ್ಕು ಗಂಟೆ ಇದ್ದಿರಬೇಕು. 25 ಡಿಗ್ರಿಯ ನೀರಿಗಿಂತ 5 ಡಿಗ್ರಿಯ ನೀರು ಹೆಚ್ಚುಕಡಿಮೆ ಎರಡರಷ್ಟು ಗ್ಯಾಸ್ ಹಿಡಿದಿಟ್ಟುಕೊಳ್ಳುತ್ತದೆ. ಬೆಚ್ಚಗಿನ ಚಾಕ್ಕೆ ಸೋಡಾ ಹೊಯ್ದರೆ ಭುಸ್ಸೆಂದು ಉಕ್ಕಿ, ಉಳಿಯುವುದು ಬರೀ ಸಿಹಿನೀರು. ಲೋಟಕ್ಕೆ ಮೊದಲು 30 ಮಿ.ಲೀ. ಪಾಕ, ಅದರ ಮೇಲೆ 60 ಮಿ.ಲೀ. ಚಾ, ಈಗಲೇ ಚೆನ್ನಾಗಿ ಕಲಕಿ. ಐಸ್ ದೊಡ್ಡ ತುಂಡಾಗಿರಲಿ, ಹಾಕುವ ಮುಂಚೆ ತಣ್ಣೀರಿನಲ್ಲಿ ಒಮ್ಮೆ ತೊಳೆಯಿರಿ. ಐಸಿನ ಮೇಲಿನ ಹಿಮದ ತರಕಲಿಗೇ ಗ್ಯಾಸ್ ಅಂಟಿ ಗುಳ್ಳೆಯಾಗಿ ಹೊರಟುಹೋಗುತ್ತದೆ. ಕಡೆಯಲ್ಲಿ ಲೋಟ ಓರೆ ಮಾಡಿ ಒಳಗೋಡೆಗುಂಟ 100 ಮಿ.ಲೀ. ಸೋಡಾ ನಿಧಾನಕ್ಕೆ ಇಳಿಸಿ. ಆಮೇಲೆ ಗರಗರ ತಿರುಗಿಸಬಾರದು, ಉದ್ದ ಚಮಚ ತಳಕ್ಕೆ ಬಿಟ್ಟು ಒಂದೇ ಸಲ ಮೇಲಕ್ಕೆತ್ತಿದರೆ ಸಾಕು. ಉಪ್ಪನ್ನು ಪಾಕಕ್ಕೇ ಹಾಕಿ ಎಂದದ್ದೂ ಇದೇ ಕಾರಣಕ್ಕೆ, ಸೋಡಾದ ಮೇಲೆ ಉಪ್ಪು ಉದುರಿಸಿದರೆ ಕಾಳುಕಾಳಿಗೂ ಗುಳ್ಳೆ ಎದ್ದು ಚೆಲ್ಲಿಹೋಗುತ್ತದೆ. ಸಿಹಿ, ಉಪ್ಪು ಬೆರೆಸದ ಬರೀ ಸೋಡಾವನ್ನೇ ತನ್ನಿ, ದೊಡ್ಡ ಬಾಟಲಿ ಒಂದರ ಬದಲು ಸಣ್ಣವು ನಾಲ್ಕಾರು. ಮುಚ್ಚಳ ತೆಗೆದ ದೊಡ್ಡ ಬಾಟಲಿಯ ಕಡೆಯ ಲೋಟ ಯಾವಾಗಲೂ ಸಪ್ಪೆ. ಜಗ್ಗಿನಲ್ಲಿ ಒಟ್ಟಿಗೆ ಬೆರೆಸಿಡುವುದಂತೂ ಬೇಡವೇ ಬೇಡ.

ಕಾರವಾರದ ಕಡೆ ಕ್ರಿಸ್‌ಮಸ್ಸಿಗೆ ಸ್ಪಾರ್ಕ್ಲಿಂಗ್ ವೈನ್ ತೆರೆಯುವ ಮನೆಗಳಿವೆ. ಅವರು ಸೋಡಾದ ಬದಲು ಅದನ್ನೇ ಹಾಕಬಹುದು. ಪಾಕ 20, ಚಾ 30, ವೈನ್ 100 ಮಿ.ಲೀ., ಐಸ್ ಬೇಡ. 750 ಮಿ.ಲೀ. ಬಾಟಲಿ ಏಳು ಲೋಟಕ್ಕೆ ಬರುತ್ತದೆ. ಸಿಹಿ ಕಡಿಮೆಯಿರುವ ಬ್ರೂಟ್ ಆರಿಸಿ, ಸಿಹಿಯದ್ದಾದರೆ ಪಾಕದ ಜೊತೆ ಸೇರಿ ಶರಬತ್ತೇ ಆಗುತ್ತದೆ. ಇಂಥ ಬಾಟಲಿಯ ಒಳಗಿನ ಒತ್ತಡ ಕಾರಿನ ಚಕ್ರದ ಗಾಳಿಯ ಎರಡು ಪಟ್ಟಿಗೂ ಹೆಚ್ಚಿರಬಹುದು. ಆದ್ದರಿಂದ ಚೆನ್ನಾಗಿ ತಣ್ಣಗೆ ಮಾಡಿ, ಬಾಯಿಯನ್ನು ಜನರಿಲ್ಲದ ಕಡೆ ತಿರುಗಿಸಿ, ಬಿರಡೆಯನ್ನು ಬಟ್ಟೆಯಲ್ಲಿ ಗಟ್ಟಿ ಹಿಡಿದು ಬಾಟಲಿಯನ್ನು ತಿರುಗಿಸಿ. ಗೋವಾದಲ್ಲಿ ಅಗ್ಗವೆಂದು ಪರವಾನಗಿಯಿಲ್ಲದೆ ಮಾಜಾಳಿ ಗಡಿ ದಾಟಿಸುವುದು ಬೇಡ, ಕುಡಿದವರು ಗಾಡಿ ಹೊಡೆಯುವುದೂ ಬೇಡ. ಎರಡು ಬಗೆಯೂ ಕೆಂಪಗೆ ಒಂದೇ ಥರ ಕಾಣುವುದರಿಂದ ಲೋಟವೇ ಬೇರೆಯಿರಲಿ, ತಟ್ಟೆಯೂ ಬೇರೆ. ಮಕ್ಕಳ ಲೋಟಕ್ಕೆ ಚಾ ಕೂಡ ಬಿಟ್ಟು, ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ನಾಲ್ಕೈದು ಎಲೆ ಕುದಿಸಿ ತಣಿಸಿದ ನೀರು ಹಾಕಿದರೆ ಪರಿಮಳ ಇನ್ನೂ ಚೆಂದ.

ಮೇ ರಜೆಯಲ್ಲಿ ಅಂಕೋಲೆಯ ಕರಿ ಇಶಾಡು ಮಾವು ಬಂದಾಗ ಮುರುಗಲಿನ ಬದಲು ಅದನ್ನೂ ಹಾಕಬಹುದು. 2023ರಲ್ಲಿ ಭೌಗೋಳಿಕ ಸೂಚಕ ಪಡೆದ ಹಣ್ಣದು, ಅದರ ಪರಿಮಳಕ್ಕೆ ಏಲಕ್ಕಿಯ ಹಂಗು ಬೇಕಿಲ್ಲ. ಆದರೆ ತಿರುಳಿನ ನಾರು, ಕಣ ಹಾಗೇ ಇದ್ದರೆ ಸೋಡಾ ನೊರೆಯೆದ್ದು ಮೇಜಿನ ಮೇಲೆಲ್ಲ ಹರಿಯುತ್ತದೆ. ಸಣ್ಣ ಜರಡಿಯಲ್ಲಿ ಎರಡು ಸಲ ಸೋಸಿ, ಲೋಟಕ್ಕೆ ಎರಡು ದೊಡ್ಡ ಚಮಚಕ್ಕಿಂತ ಹೆಚ್ಚು ಹಾಕದೆ, ಅರ್ಧ ಲಿಂಬೆಯ ರಸ ಹಿಂಡಿ.

ತೆಳ್ಳೇವು, ಬನ್ಸ್, ಹುರಿದ ಮೀನು, ಎಣ್ಣೆಯಲ್ಲಿ ಕರಿದ ಯಾವುದಕ್ಕೂ ಇದು ಹೊಂದುತ್ತದೆ. ತೊಡದೇವಿನ ಜೊತೆ ಮಾತ್ರ ಕೊಡಬೇಡಿ, ಸಿಹಿ ತಿಂದ ಬಾಯಿಗೆ ಇದು ಬರೀ ಹುಳಿ. ಹಿಂಡಿ ಉಳಿದ ಮುರುಗಲು ಸಿಪ್ಪೆಯಲ್ಲಿ ಇನ್ನೂ ಹುಳಿಯಿರುತ್ತದೆ, ಅದೇ ದಿನದ ಸಾರಿಗೆ ಹಾಕಿ. ಮಿಕ್ಕ ಪಾಕವನ್ನು ಕುದಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಹದಿನೈದು ದಿನ ಬರುತ್ತದೆ. ಒದ್ದೆ ಚಮಚ ಅದ್ದಿದರೆ ವಾರದೊಳಗೆ ಹುಳಿತು ಮುಚ್ಚಳ ಎತ್ತುತ್ತದೆ, ಹಾಗಾದದ್ದನ್ನು ಚೆಲ್ಲಿಬಿಡಿ.