ಜೆಕ್ ಪತ್ತೇದಾರಿ ಹಾಸ್ಯಚಿತ್ರವನ್ನು ಮನೆಮಂದಿಗೆ ತೋರಿಸುವ ಬಗೆ

ಎಡವಟ್ಟು ಪತ್ತೇದಾರರ ಚಿತ್ರದಲ್ಲಿ ನಟನ ಮಾತು ಮತ್ತು ಅವನ ಪೆಚ್ಚುಮೋರೆ ಒಂದೇ ಗಳಿಗೆಯಲ್ಲಿ ಕೂಡಿದರೆ ಮಾತ್ರ ನಗು ಹುಟ್ಟುತ್ತದೆ. ಆದ್ದರಿಂದ ಭಾಷೆ ಬಾರದ ಪ್ರೇಕ್ಷಕರಿಗೆ ಅಂಥ ಚಿತ್ರ ತೋರಿಸುವವರು ಸಬ್‌ಟೈಟಲ್ ಮುಖಕ್ಕಿಂತ ಮುಂದೆ ಓಡದಂತೆ, ಹಿಂದೆಯೂ ಬೀಳದಂತೆ ನೋಡಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಚಿತ್ರ ತೋರಿಸುವ ವಿಎಲ್‌ಸಿ ಪ್ಲೇಯರ್ ಎಂಬ ತಂತ್ರಾಂಶದಲ್ಲಿ ಅಕ್ಷರಗಳು ತಡವಾಗಿ ಬರುತ್ತಿದ್ದರೆ ಜಿ ಕೀಲಿಯನ್ನೂ, ಮೊದಲೇ ಬರುತ್ತಿದ್ದರೆ ಎಚ್ ಕೀಲಿಯನ್ನೂ ಒತ್ತಿ ಸರಿಪಡಿಸಬಹುದು. ಒಂದು ಒತ್ತಿಗೆ 50 ಮಿಲಿಸೆಕೆಂಡ್ ಸರಿಯುತ್ತದೆ. ಈ ಕೆಲಸವನ್ನು ಜನ ಸೇರುವ ಮುನ್ನವೇ ಮುಗಿಸಿರಿ.

ಮೊದಲ ಸಲಕ್ಕೆ ನಾನು ಸೂಚಿಸುವುದು, 1970ರ ದಶಕದಲ್ಲಿ ಆಗಿನ ಜೆಕೊಸ್ಲೊವಾಕಿಯಾದಲ್ಲಿ ಓಲ್ಡ್ರಿಖ್ ಲಿಪ್ಸ್ಕಿ ನಿರ್ದೇಶಿಸಿದ ಚಿತ್ರವನ್ನು. ಅದರ ಹೆಸರಿನ ಅರ್ಥ ‘ಅಡೇಲಾ ಇನ್ನೂ ರಾತ್ರಿಯೂಟ ಮಾಡಿಲ್ಲ’ ಎಂದು. 1886ರಿಂದ ಅಮೆರಿಕದ ಅಗ್ಗದ ಕತೆಗಳಲ್ಲಿ ಮೆರೆದ ಪತ್ತೇದಾರ ನಿಕ್ ಕಾರ್ಟರ್ ಇದರಲ್ಲಿ ಪ್ರಾಗ್ ನಗರಕ್ಕೆ ಬರುತ್ತಾನೆ. ಅವನು ಹುಡುಕಬೇಕಾದದ್ದು ಕಳೆದುಹೋದ ಒಂದು ನಾಯಿಯನ್ನು. ಅವನ ಜೊತೆಗಾರ, ತಿನಿಸು ಮತ್ತು ಬಿಯರಿನ ಮೇಲೆ ಜೀವ ಇಟ್ಟುಕೊಂಡ ಪೊಲೀಸ್ ಅಧಿಕಾರಿ ಲೆಡ್ವಿನಾ. ಜೆಕ್ ಭಾಷೆಯಲ್ಲಿ ಆ ಹೆಸರಿಗೆ ಮೂತ್ರಪಿಂಡ ಎಂದರ್ಥ. ಇಷ್ಟನ್ನು ಮೊದಲೇ ಹೇಳಿ, ಆಮೇಲೆ ಸುಮ್ಮನಾಗಬೇಕು.

ಧಾರವಾಡದ ಸಾಧನಕೇರಿಯ ಗೆಳೆಯರ ಮನೆಯಲ್ಲಿ ನಾನು ಸುಮ್ಮನಾಗಲಿಲ್ಲ. ಪ್ರತಿಯೊಂದು ಮಾತಿಗೂ ಕನ್ನಡದ ಅರ್ಥ ಹೇಳುತ್ತ ಕುಳಿತದ್ದರಿಂದ, ನನ್ನ ವಿವರಣೆ ಮುಗಿಯುವಷ್ಟರಲ್ಲಿ ದೃಶ್ಯವೇ ಬದಲಾಗಿ, ಯಾರೂ ನಗದಂತಾಯಿತು. ಕೊನೆಗೆ ಮುಂದಿನ ಸಾಲಿನಲ್ಲಿದ್ದ ಗೆಳೆಯನ ಅಜ್ಜಿ, “ಸ್ವಲ್ಪ ಸುಮ್ಮನ ಕೂಡಪಾ, ಅಂವ ಹೆಂಗ ತಿಂತಾನ ಅನ್ನೂದರ ನೋಡ್ತೀನಿ” ಎಂದರು. ಅವರ ಕಣ್ಣು ಲೆಡ್ವಿನಾನ ಕೈಯಲ್ಲಿದ್ದ ತಿನಿಸಿನ ಮೇಲೆಯೇ ಇತ್ತು. ನಮ್ಮ ಕಂಪನಿ ನಾಟಕಗಳ ಹಾಸ್ಯಪಾತ್ರಧಾರಿಗಳನ್ನು ನೋಡುತ್ತ ಬೆಳೆದ ಆ ಕಣ್ಣಿಗೆ ಅಭಿನಯದ ಅನುವಾದ ಬೇಕಾಗಿರಲಿಲ್ಲ.

ಮಾಳಿಗೆಯ ಮೇಲೆ ಪರದೆ ಕಟ್ಟುವವರು ನಮ್ಮ ಕಡೆಯ ಮಳೆ ಮುಗಿದು ದೀಪಾವಳಿ ಕಳೆದ ಮೇಲೆ ದಿನ ಗೊತ್ತುಮಾಡುವುದು ಒಳ್ಳೆಯದು. ಗಿರ್ಮಿಟ್ಟು, ಮಿರ್ಚಿ ಭಜಿಗಳನ್ನು ಚಿತ್ರ ಆರಂಭವಾಗುವ ಮೊದಲೇ ಹಂಚಿಬಿಡಿ, ಏಕೆಂದರೆ ತಟ್ಟೆ ನೋಡುವ ಕಣ್ಣು ಅಕ್ಷರ ಓದಲಾರದು.

ಅಡೇಲಾ ಯಾರೆಂಬುದನ್ನು ಮಾತ್ರ ಯಾರಿಗೂ ಹೇಳಬೇಡಿರಿ. ಮಾಂಸ ತಿನ್ನುವ ಆ ಗಿಡಕ್ಕೆ ಚಲನೆ ಕೊಟ್ಟವರು ಹೆಸರಾಂತ ಆನಿಮೇಶನ್ ಕಲಾವಿದ ಯಾನ್ ಶ್ವಾಂಕ್‌ಮಾಯರ್. ಮೊಜಾರ್ಟನ ಹೆಸರಿನಲ್ಲಿ ಪ್ರಸಿದ್ಧವಾದ ಜೋಗುಳ ಕೇಳಿದರೆ ಅದಕ್ಕೆ ಹಸಿವು ಕೆರಳುತ್ತದೆ. ಆದ್ದರಿಂದ ಆ ಜೋಗುಳ ಬರುವ ಭಾಗವನ್ನು ಮೊದಲೇ ಒಮ್ಮೆ ಹಾಕಿ, ಕಟ್ಟಕಡೆಯ ಸಾಲಿನಲ್ಲಿ ಕುಳಿತು, ರಾಗ ಸ್ಪಷ್ಟವಾಗಿ ಕೇಳಿಸುವವರೆಗೆ ಸ್ಪೀಕರಿನ ದನಿಯನ್ನು ಏರಿಸಿ ನೋಡಿರಿ.