ಕತ್ಸುಉರಾದಲ್ಲಿ ಹನ್ನೆರಡು ದಿನ: ಜಪಾನೀ ನುಡಿ ನನ್ನ ಕಿವಿಗೆ ದಕ್ಕಿದ ಬಗೆ

ಮೊದಲ ಸಲ ಟೋಕಿಯೊದಲ್ಲಿ ಮೂರು ವಾರದ ತರಗತಿಗೆ ಸೇರಿ, ಬಾಡಿಗೆಯೂ ಸೇರಿ ಎರಡು ಲಕ್ಷ ರೂಪಾಯಿಯಷ್ಟು ಕಳೆದುಕೊಂಡೆ. ಅಂಗಡಿಯವರು ನನ್ನನ್ನು ಕಂಡೊಡನೆ ಇಂಗ್ಲಿಷಿಗೆ ಹೊರಳುತ್ತಿದ್ದರು. ಆ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಬರೆದ ಎನ್‌–3 (ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯ ಐದು ಹಂತಗಳಲ್ಲಿ ನಡುವಿನದು) ಪರೀಕ್ಷೆಯ ಆಲಿಸುವ ಭಾಗದಲ್ಲಿ 60ಕ್ಕೆ 20ರ ಆಸುಪಾಸು ಬಂದಿತು. ಹೀಗಾಗಿ ಎರಡನೆಯ ಸಲ ಕೀ ಪರ್ಯಾಯದ್ವೀಪದಲ್ಲಿ, ಬೆಟ್ಟಗಳು ಕಡಲಿಗೆ ಒತ್ತಿಕೊಂಡೇ ನಿಂತಿರುವ ಕತ್ಸುಉರಾ ಬಂದರಿಗೆ ಹೊರಟಾಗ, ಅಲ್ಲಿಯ ಆಡುನುಡಿ ಕಿವಿಯನ್ನು ಕೆಡಿಸುತ್ತದೆಂದು ಸಹಪಾಠಿಗಳೆಲ್ಲ ತಡೆದರು.

ಶಿನ್‌–ಒಸಾಕಾದಿಂದ ಕುರೊಶಿಯೊ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಏಳು ಸಾವಿರ ಯೆನ್ ಚಿಲ್ಲರೆ. ಎರಡು ಹೊತ್ತಿನ ಊಟವಿರುವ ಮಿನ್‌ಶುಕುವಿಗೆ (ಮನೆಮಂದಿಯೇ ನಡೆಸುವ ತಂಗುಮನೆ) ದಿನಕ್ಕೆ ಒಂಬತ್ತು ಸಾವಿರದಷ್ಟಾಯಿತು. ಊಟವಿಲ್ಲದ ಕೋಣೆ ಅಗ್ಗ, ಆದರೆ ನನ್ನ ನಿಜವಾದ ಪಾಠ ನಡೆದದ್ದು ಊಟದ ಹೊತ್ತಿನಲ್ಲೇ.

ದಿನಕ್ಕೊಂದೇ ವಿಷಯ, ಅದನ್ನು ನಾಲ್ವರಲ್ಲಿ ಕೇಳುವುದು, ರಾತ್ರಿ ನಿಘಂಟು ತೆರೆಯುವ ಮೊದಲೇ ಕಿವಿಗೆ ಬಿದ್ದದ್ದನ್ನು ಕನ್ನಡ ಲಿಪಿಯಲ್ಲಿ ಬರೆಯುವುದು: ಇದು ನನ್ನ ಕ್ರಮ. ಪಠ್ಯಪುಸ್ತಕದ ಗೌರವರೂಪದಲ್ಲಿ ಉರುಹೊಡೆದ ಪ್ರಶ್ನೆಗಳಿಗೆ ಜನ ಒಂದೇ ಮಾತಿನ ಉತ್ತರ ಕೊಟ್ಟದ್ದರಿಂದ ಮೊದಲ ಮೂರು ದಿನ ಏನೂ ಸಿಗಲಿಲ್ಲ. ನಾಲ್ಕನೆಯ ಬೆಳಗ್ಗೆ ಮೀನು ಮಾರುಕಟ್ಟೆಯಲ್ಲಿ ನೆಲದ ಮೇಲೆ ಸಾಲಾಗಿ ಮಲಗಿಸಿದ್ದ ಮಗುರೊ (ಟ್ಯೂನಾ) ಮೀನುಗಳನ್ನು ನೋಡಿಬಂದು, ರಾತ್ರಿ ಮನೆಯೊಡತಿಯ ಬಳಿ ಆ ಮಾತೆತ್ತಿದಾಗ, ಹೆಪ್ಪುಗಟ್ಟಿಸದ ಮೀನಿನ ರುಚಿಯ ಬಗ್ಗೆ ಅವರು ಮುಕ್ಕಾಲು ಗಂಟೆ ಮಾತನಾಡಿದರು. ನಾನು ಮಾತು ತೆಗೆದ ಆ ಮೊದಲ ವಾಕ್ಯವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕನ್ನಡ ಲಿಪಿಯ ಪ್ರಯೋಗ ನಾನೆಣಿಸದ ಫಲ ಕೊಟ್ಟಿತು. ಕತ್ಸುಉರಾ ಸೇರಿರುವ ವಾಕಾಯಾಮಾ ಪ್ರಾಂತ್ಯದ ಹಿರಿಯರ ಬಾಯಲ್ಲಿ ‘ಝ’ ಹಲವು ಕಡೆ ‘ದ’ ಆಗುತ್ತದೆ. ‘ಝೆನ್‌ಝೆನ್’ (ಕೊಂಚವೂ ಇಲ್ಲ) ಎಂಬುದನ್ನು ನಾನು ‘ದೆನ್‌ದೆನ್’ ಎಂದೇ ಬರೆದುಕೊಂಡಿದ್ದೆ. ರೋಮನ್ ಲಿಪಿಯಲ್ಲಿ ಬರೆದಿದ್ದರೆ ಪುಸ್ತಕದ ರೂಪಕ್ಕೆ ಕೈ ತಾನಾಗಿ ತಿದ್ದಿಬಿಡುತ್ತಿತ್ತು. ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು: ಪುಸ್ತಕದ ಜಪಾನಿಯಲ್ಲಿ ವಸ್ತುವಿಗೆ ‘ಅರು’, ಜೀವವಿರುವುದಕ್ಕೆ ‘ಇರು’, ಇಲ್ಲಿಯ ಹಿರಿಯರು ಮನುಷ್ಯರಿಗೂ ‘ಅರು’ ಎನ್ನುತ್ತಾರೆ. ಮನೆಗೂ ಮನುಷ್ಯನಿಗೂ ಒಂದೇ ‘ಇರು’ ಬಳಸುವ ಕನ್ನಡಿಗನಿಗೆ ಇದು ಸಲೀಸು. ಅಂದಿನಿಂದ ಇಂಗ್ಲಿಷನ್ನು ನಡುವೆ ತರದೆ, ಒಬ್ಬರ ಮಾತನ್ನು ಉದ್ಧರಿಸುವ ‘ತೊ’ ಬಂದಲ್ಲಿ ‘ಎಂದು’ ಹಾಕಿ ನೇರವಾಗಿ ಕನ್ನಡದಿಂದಲೇ ವಾಕ್ಯ ಕಟ್ಟಿದೆ.

133 ಮೀಟರ್ ಎತ್ತರದ ನಾಚಿ ಜಲಪಾತಕ್ಕೆ ಹೋದ ದಿನ ಕಣ್ಣಿಗೆ ಹಬ್ಬವಾದರೂ ಭಾಷೆಗೆ ನಷ್ಟವಾಯಿತು. ಅಲ್ಲಿಗೆ ಹೋಗುವ, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕುಮಾನೊ ಯಾತ್ರಾದಾರಿಯಲ್ಲಿ ನನಗೆ ಎದುರಾದವರು ಹೆಚ್ಚಾಗಿ ವಿದೇಶಿಯರೇ.

ವಿಮಾನ ಬಿಟ್ಟು ಒಟ್ಟು ಖರ್ಚು ಎಂಬತ್ತು ಸಾವಿರ ರೂಪಾಯಿ ದಾಟಲಿಲ್ಲ. ಮುಂದಿನ ಡಿಸೆಂಬರಿನಲ್ಲಿ ಆಲಿಸುವ ಭಾಗಕ್ಕೆ 45ರ ಮೇಲೆ ಬಂದಿತು, ಎನ್‌–3 ತೇರ್ಗಡೆಯಾಯಿತು. ‘ಝ’–‘ದ’ ಪಟ್ಟಿಯಲ್ಲಿ ಈಗ ನಲವತ್ತು ಪದಗಳಿವೆ. ಮುಂದಿನ ಸಲ ಅದೇ ಪ್ರಾಂತ್ಯದ ಶಿಂಗು ಪಟ್ಟಣದಲ್ಲಿ ಉಳಿದು ಅದನ್ನು ಬೆಳೆಸಲಿದ್ದೇನೆ.